ಬಿಸಿಲಲ್ಲಿ ಕೂಗಿದ ಹೆಸರು

ಎರಡು ವರ್ಷದ ಹಿಂದಿನ ಬೇಸಿಗೆ. ಯುಗಾದಿ ಮುಗಿದಿತ್ತು, ಕುರಿಗಳ ಉಣ್ಣೆ ಕತ್ತರಿಸಿ ಆಗಿತ್ತು, ಮಳೆಗೆ ಇನ್ನೂ ಬಹಳ ದಿನ ಇತ್ತು. ಮಗಳು ಸಾವಿತ್ರಿಯ ಹೆರಿಗೆ ಸುಸೂತ್ರವಾದರೆ ಹಣ್ಣುಕಾಯಿ ಮಾಡಿಸುತ್ತೇನೆ ಅಂತ ನಾನು ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತಿದ್ದೆ. ಹೆರಿಗೆ ಆಯಿತು, ಕೂಸು ಅಂಬೆಗಾಲಿಡಲು ಶುರು ಮಾಡಿತು, ಹರಕೆ ಮಾತ್ರ ಹಾಗೇ ಉಳಿದಿತ್ತು. ಅದನ್ನು ತೀರಿಸಲು ನಾನು ಮತ್ತು ನಮ್ಮನೆಯವರು ಇಬ್ಬರೇ ಹೊರಟೆವು.

ನಾವು ಹೊಸಬಾಳೆಯವರು. ಸ್ವಲ್ಪ ಗದ್ದೆ ಇದೆ, ಒಂದು ಹಿಂಡು ಕುರಿ ಇದೆ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಗಳು ತರುವ ಪತ್ರಿಕೆಯಲ್ಲಿ ಈ ಅನುಭವದ ಪುಟವನ್ನು ಅಕ್ಷರ ಕೂಡಿಸಿ ಓದುತ್ತೇನೆ. ಬಸ್ಸಿನಲ್ಲಿ ಪರ್ಸು ಕಳೆಯಿತು, ಪುಣ್ಯಾತ್ಮರು ತಂದುಕೊಟ್ಟರು ಅಂತ ಬಹಳ ಜನ ಬರೆಯುತ್ತಾರೆ. ನಾನು ಆವತ್ತು ಕಳೆದುಕೊಂಡದ್ದು ಗಂಡನನ್ನು. ಅದಕ್ಕೇ ನಾನು ಹೇಳುತ್ತಾ ಹೋಗುತ್ತೇನೆ, ಮಗಳು ಬರೆದುಕೊಳ್ಳುತ್ತಾಳೆ.

ಬೆಳಗಿನ ಬಸ್ಸಿಗೇ ಹೊರಟರೂ ಸೊರಬದಲ್ಲಿ ಮುಂದಿನ ಬಸ್ಸಿಗೆ ಬಹಳ ಹೊತ್ತು ಕಾದೆವು. ಗುಡಿಯಲ್ಲಿ ಹಣ್ಣುಕಾಯಿ ಮುಗಿಸಿ ಹೊರಗೆ ಬರುವಾಗ ಬಿಸಿಲು ಏರಿತ್ತು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿಯಿತು. ಮೆಟ್ಟಿಲಿಳಿದು ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುವುದು, ಬಸ್ಸು ಹತ್ತುವುದು. ಇವರು ನೋಡಿದರೆ ಕಂಬಳಿ ಹೆಗಲಿಗೆ ಹಾಕಿಕೊಂಡು ಗುಡ್ಡದ ತುದಿ ನೋಡುತ್ತಾ ನಿಂತಿದ್ದಾರೆ.

"ಕೋಟೆ ಹತ್ತಿ ಬರಣ ಬಾ," ಅಂದರು.

"ಎಂತಕ್ಕೆ? ಅಲ್ಲಿ ಯಾರಿದ್ದಾರೆ ನಿಮ್ಮನ್ನ ಮಾತಾಡ್ಸಕ್ಕೆ?"

"ಮೇಲೆ ಹೋದ್ರೆ ನಮ್ಮೂರು ಕಾಣ್ತತೆ ಕಣೇ. ನಾ ಹುಡುಗ ಇದ್ದಾಗ ನೋಡಿದೀನಿ."

ಈ ಮಾತನ್ನು ನಾನು ಮದುವೆಯಾದ ವರ್ಷದಿಂದ ಕೇಳುತ್ತಿದ್ದೇನೆ. ಪ್ರಾಯದಲ್ಲಿ ಯಾರ ಜೊತೆಯೋ ಕೋಟೆ ಹತ್ತಿದ್ದರಂತೆ. ಮೇಲಿಂದ ನಮ್ಮೂರ ಕೆರೆ ಕಂಡಿತಂತೆ, ಏರಿ ಮೇಲಿನ ಮರ ಕಂಡಿತಂತೆ. ಎಲ್ಲ ಊರಿಗೂ ಕೆರೆ ಇದೆ, ಎಲ್ಲ ಕೆರೆ ಏರಿಯ ಮೇಲೂ ಮರ ಇದೆ, ನೀವು ನೋಡಿದ್ದು ಯಾವ ಊರೋ ಏನೋ ಅಂತ ನಾನು ಆವಾಗಿಂದ ಹೇಳುತ್ತಲೇ ಬಂದಿದ್ದೇನೆ. ಆವತ್ತೂ ಹೇಳಿದೆ.

"ಅದ್ಕೇ ಬಾ ಅನ್ನದು. ಇವತ್ತು ಕಣ್ಣಾರೆ ನೋಡ್ಬಿಡು. ಆಮೇಲೆ ಬಾಯಿ ಮುಚ್ಕಂಡಿರ್ಬೇಕು."

ಬಾಯಿ ಮುಚ್ಚಿಕೊಂಡಿರು ಅಂದರೆ ನಾನು ಹತ್ತದೇ ಇರುತ್ತೇನೆಯೇ? ಹೊರಟೆ.

ಹೊರಡುವಾಗ ನಮ್ಮ ಹತ್ತಿರ ಎಲ್ಲ ಇತ್ತು. ಎರಡು ಬಾಟಲಿ ಮಜ್ಜಿಗೆ, ಒಂದು ಬಾಟಲಿ ನೀರು, ರೊಟ್ಟಿ, ಈರುಳ್ಳಿ. ಬಿಸಿಲಿಗೆ ಹೋಗುವಾಗ ಈರುಳ್ಳಿ ಜೊತೆಯಲ್ಲಿದ್ದರೆ ಝಳ ಬಡಿಯುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ನಾಲ್ಕು ಹೆಜ್ಜೆ ಹತ್ತುವಷ್ಟರಲ್ಲಿ ಒಂದು ಮಂಗ ಎಲ್ಲಿಂದಲೋ ಹಾರಿ ಬಂದು ಚೀಲಕ್ಕೆ ಕೈ ಹಾಕಿ ಎಳೆಯಿತು. ಮಜ್ಜಿಗೆ, ರೊಟ್ಟಿ ಎರಡೂ ಹೋದವು. ಅದು ಮರದ ಮೇಲೆ ಕೂತು ಬಾಟಲಿ ಕಚ್ಚಿ ಮಜ್ಜಿಗೆಯನ್ನೆಲ್ಲ ಮೈಮೇಲೆ ಸುರಿದುಕೊಂಡಿತು. ಅದರ ಮೈಯಾದರೂ ತಣ್ಣಗಾಯಿತು. ನಮಗೆ ಉಳಿದದ್ದು ನೀರಿನ ಬಾಟಲಿ ಮತ್ತು ಈರುಳ್ಳಿ.

"ವಾಪಸ್ ಹೋಗಣ," ಅಂದೆ.

"ಮೇಲೆ ಹೊಂಡ ಐತೆ. ಬೇಸಿಗೇಲೂ ಬತ್ತಲ್ಲ. ನಡಿ."

ಮೊದಲು ಸ್ವಲ್ಪ ದೂರ ಕಾಡು ಇತ್ತು. ಮರಗಳು ಎಲೆ ಉದುರಿಸಿಕೊಂಡು ನಿಂತಿದ್ದರೂ ಅಲ್ಲಲ್ಲಿ ನೆರಳಿತ್ತು. ಆಮೇಲೆ ಬಂಡೆ ಶುರುವಾಯಿತು. ಆ ಬಂಡೆಗಳು ಹೇಗೆ ಕಾದಿದ್ದವು ಅಂದರೆ, ಕೈ ಊರಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ ಆಗುತ್ತಿತ್ತು. ಗಾಳಿ ಇಲ್ಲ. ಜೀರುಂಡೆ ಒಂದೇ ಸಮನೆ ಕಿರುಚುತ್ತಿತ್ತು. ಕುರಿ ಹಿಂದೆ ಬಿಸಿಲಲ್ಲಿ ತಿರುಗಿ ಬೆಳೆದ ಮೈ ನನ್ನದು. ಆದರೂ ಅದು ಬಯಲಿನ ಬಿಸಿಲು. ಮೇಲಿಂದ ಮಾತ್ರ ಹೊಡೆಯುತ್ತದೆ. ಇಲ್ಲಿ ಮೇಲಿಂದಲೂ ಕೆಳಗಿಂದಲೂ ಬೇಯಿಸುತ್ತಿತ್ತು.

ಕೋಟೆಯ ಮುರಿದ ಗೋಡೆಯ ಹತ್ತಿರ ಬರುವಾಗ ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಕಾಲು ನನ್ನ ಮಾತು ಕೇಳಲಿಲ್ಲ. ಅಲ್ಲೇ ಕುಸಿದು ಕೂತೆ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು. ಇವರು ನನ್ನ ರಟ್ಟೆ ಹಿಡಿದು ಗೋಡೆಯ ಮಗ್ಗುಲಿಗೆ ಎಳೆದರು. ಅಲ್ಲಿ ಎರಡು ಕುರುಚಲು ಗಿಡ ಇದ್ದವು. ಅವುಗಳ ಮೇಲೆ ಕಂಬಳಿ ಹರಡಿ ನೆರಳು ಮಾಡಿದರು. ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ, ಅದಕ್ಕೆ ಬಾಟಲಿಯ ನೀರು ಸ್ವಲ್ಪ ಹಾಕಿ ನನ್ನ ನೆತ್ತಿಗೆ ಇಟ್ಟರು. ಉಳಿದ ನೀರು ಕುಡಿಸಿದರು.

"ನಿಮಗೆ?" ಅಂದೆ.

"ನಾ ಹೊಂಡದಾಗೆ ಕುಡಿತೀನಿ. ಬಾಟ್ಲಿ ತುಂಬ್ಸಿಕೊಂಡು ಬರ್ತೀನಿ. ನೀ ಏಳ್ಬೇಡ. ಎದ್ರೆ ನೋಡು ಮತ್ತೆ."

ಬರಿ ತಲೆಯಲ್ಲಿ, ಖಾಲಿ ಬಾಟಲಿ ಹಿಡಿದುಕೊಂಡು ಬಂಡೆ ಹತ್ತಿ ಹೋದರು. ಆ ವಯಸ್ಸಿನಲ್ಲೂ ಕಾಲು ಎತ್ತಿ ಇಡುವುದು ಕುರಿ ಕಾಯುವವರ ಹಾಗೇ, ಮುಗ್ಗರಿಸುವುದಿಲ್ಲ. ಅದನ್ನು ನೋಡುತ್ತಾ ಕಣ್ಣು ಮುಚ್ಚಿದೆ.

ಎಷ್ಟು ಹೊತ್ತು ಹಾಗೆ ಬಿದ್ದಿದ್ದೆನೋ ಗೊತ್ತಿಲ್ಲ. ಎಚ್ಚರವಾದಾಗ ನೆತ್ತಿಯ ಮೇಲಿನ ರುಮಾಲು ಒಣಗಿ ಗರಿಗರಿಯಾಗಿತ್ತು. ಕಂಬಳಿಯ ನೆರಳು ಬೇರೆ ಕಡೆ ಸರಿದಿತ್ತು. ಇವರು ಬಂದಿರಲಿಲ್ಲ.

ಫೋನು ಮಾಡೋಣ ಅಂದರೆ ನಮ್ಮಿಬ್ಬರಿಗೂ ಇರುವುದು ಒಂದೇ ಫೋನು. ಅದು ನನ್ನ ಚೀಲದಲ್ಲೇ ಇತ್ತು. ಎದ್ದು ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹೋಗಿ ಕೂಗಿದೆ.

"ರೀ..."

ರೀ ಅನ್ನುವುದು ಅಡುಗೆಮನೆಯಿಂದ ಜಗುಲಿಗೆ ಕೂಗಲು ಆಗುವ ಮಾತು. ಆ ಗುಡ್ಡದಲ್ಲಿ ಅದು ನನ್ನ ಬಾಯಿ ದಾಟಲಿಲ್ಲ. ನೀರಿಲ್ಲದೆ, ತಲೆಗೆ ಬಟ್ಟೆಯಿಲ್ಲದೆ ಮುದುಕ ಮೇಲೆ ಹೋಗಿದ್ದಾನೆ. ನನ್ನನ್ನು ಕೆಡವಿದ ಬಿಸಿಲು ಅವರನ್ನು ಬಿಟ್ಟೀತೇ?

ಅಷ್ಟರಲ್ಲಿ ಮೇಲಿಂದ ಮಾತು ಕೇಳಿಸಿತು. ಒಬ್ಬ ಗಂಡಸು, ಒಬ್ಬ ಹೆಂಗಸು ಬಂಡೆ ಇಳಿದು ಬರುತ್ತಿದ್ದರು. ಹೆಂಗಸು ದುಪಟ್ಟಾವನ್ನು ತಲೆ ತುಂಬ ಹೊದ್ದಿದ್ದಳು, ಮಗಳು ಸಾವಿತ್ರಿಗಿಂತ ಸ್ವಲ್ಪ ದೊಡ್ಡವಳಿರಬೇಕು. ಗಂಡಸಿನ ಗಡ್ಡ ಅರ್ಧ ನೆರೆತಿತ್ತು. ನನ್ನ ಮುಖ ನೋಡಿದವರೇ ನಿಂತರು.

"ಯಾಕ್ರೀ ಅಜ್ಜಿ, ಒಬ್ರೇ ಕುಂತೀರಿ? ಹುಷಾರಿಲ್ಲೇನ್ರಿ?" ಅಂತ ಆತ ಕೇಳಿದರು.

"ನಾನು ಹುಷಾರಿದೀನಿ. ನಮ್ಮನೆಯವ್ರು ನೀರಿಗೆ ಅಂತ ಮೇಲೆ ಹೋಗಿದಾರೆ. ಹೊಂಡದ ಹತ್ರ ನೋಡಿದ್ರಾ?"

ಅವರಿಬ್ಬರೂ ಮುಖ ಮುಖ ನೋಡಿಕೊಂಡರು.

"ನಾವು ಹೊಂಡದ ದಂಡಿ ಮ್ಯಾಲೆ ಬಾಳ ಹೊತ್ತಿಂದ ಕುಂತಿದ್ವಿ ಅಜ್ಜಿ," ಅಂದಳು ಅವಳು. "ಅಲ್ಲಿಗೆ ಯಾರೂ ಬರ್ಲಿಲ್ಲ. ಹೊಂಡದಾಗ ನೀರರ ಎಲ್ಲೈತ್ರಿ, ಬರೇ ಹಸರು ಪಾಚಿ."

ಇವರು ಹೊಂಡದವರೆಗೂ ಹೋಗಿಲ್ಲ. ದಾರಿಯಲ್ಲೇ ಎಲ್ಲೋ ಬಿದ್ದಿದ್ದಾರೆ.

ಆಮೇಲೆ ಗೊತ್ತಾಯಿತು, ಅವರು ಶಿಕಾರಿಪುರದವರು. ಆತನ ಹೆಸರು ಬಾಬುಸಾಬ್, ಗಾದಿ ಹೊಲಿಯುವುದು ಅವರ ಕಸುಬು. ಅವಳು ಅವರ ಹೆಂಡತಿ ನೂರ್‌ಜಾನ್. ಒಂದು ಮದುವೆ ಮನೆಗೆ ಗಾದಿ ಕೊಟ್ಟು ವಾಪಸ್ ಹೋಗುವಾಗ ಅವಳು ಕೋಟೆ ನೋಡಬೇಕು ಅಂದಿದ್ದಕ್ಕೆ ಹತ್ತಿದ್ದರು. ಆ ಹೊತ್ತಿನಲ್ಲಿ ನಾನು ಇದನ್ನೆಲ್ಲ ಕೇಳಲಿಲ್ಲ. ಬಾಬುಸಾಬರು ಆಗಲೇ ಚಪ್ಪಲಿ ಬಿಗಿ ಮಾಡಿಕೊಂಡು, "ಅಜ್ಜಾರ ಹೆಸರೇನ್ರಿ?" ಅಂತ ಕೇಳಿದರು.

"ಹೆಸರು ಎಂತಕ್ಕೆ?"

"ಕೂಗಾಕ್ರಿ."

"ಅಜ್ಜ ಅಂತ ಕೂಗು."

ಆತ ಎರಡೂ ಕೈ ಬಾಯಿಗೆ ಹಿಡಿದು "ಅಜ್ಜಾ... ಓ ಅಜ್ಜಾ..." ಅಂತ ಕೂಗಿದರು. ದೊಡ್ಡ ದನಿ. ಎದುರು ಬಂಡೆಗೆ ಬಡಿದು ತಿರುಗಿ ಬಂತು. ಮೂರು ನಾಲ್ಕು ಸಲ ಕೂಗಿದರು. ಯಾರೂ ಓಗೊಡಲಿಲ್ಲ.

"ಹಿಂಗ ಕೂಗಿದ್ರ ಯಾರಿಗಂತ ತಿಳೀತೈತ್ರಿ? ಹೆಸರು ಹೇಳ್ರಿ."

"ಸಾವಿತ್ರಿ ಅಪ್ಪ ಅಂತ ಕೂಗು."

"ಅದು ಹೆಸರಲ್ಲಲ್ರಿ ಅಜ್ಜಿ. ಬಿಸಿಲಿಗೆ ತಲಿ ಸುತ್ತಿ ಎಲ್ಲೋ ಬಿದ್ದಿರ್ತಾರ. ತಮ್ ಹೆಸರು ಕಿವಿಗೆ ಬಿದ್ರ ಎಚ್ರಾಗ್ತಾರ. ಬ್ಯಾಗ ಹೇಳ್ರಿ, ಹೊತ್ತಿಲ್ಲ."

ಹೆಸರು ನನ್ನ ಬಾಯಿಗೆ ಬರಲಿಲ್ಲ. ಓದುವವರು ನಗಬಹುದು. ನಗಿ. ನಾನು ಮದುವೆಯಾಗಿ ಬಂದ ಮಾರನೇ ದಿನವೇ ನಮ್ಮತ್ತೆ ಹೇಳಿದ್ದರು, ಗಂಡನ ಹೆಸರು ಬಾಯಲ್ಲಿ ತೆಗೆದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅಂತ. ಓಣಿಯಲ್ಲಿ ಒಬ್ಬಳು ಸಿಟ್ಟಿನಲ್ಲಿ ಹೆಸರು ಹಿಡಿದು ಬೈದಳಂತೆ, ಆ ಮಳೆಗಾಲದಲ್ಲೇ ಅವನನ್ನು ಹಾವು ಕಚ್ಚಿತಂತೆ. ನಿಜವೋ ಸುಳ್ಳೋ, ನಾನು ಒಂದು ದಿನವೂ ಪರೀಕ್ಷೆ ಮಾಡಲು ಹೋಗಿರಲಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕೇಳಿದರೆ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಎಂಥ ಜಗಳದಲ್ಲೂ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಈಗ ಅವರು ಬದುಕಿದ್ದಾರೋ ಇಲ್ಲವೋ ಅನ್ನುವ ಹೊತ್ತಿನಲ್ಲಿ, ಇದ್ದ ಆಯಸ್ಸನ್ನೂ ನಾನೇ ಕತ್ತರಿಸಲೇ?

ಬಾಬುಸಾಬರಿಗೆ ಸಿಟ್ಟು ಬಂತು. "ಏನ್ ಅಜ್ಜಿ ನೀವು," ಅಂದರು. ನೂರ್‌ಜಾನ್ ಗಂಡನ ತೋಳು ಹಿಡಿದು ಸುಮ್ಮನಿರಿಸಿದಳು. ನನ್ನ ಹತ್ತಿರ ಬಂದು ಕೂತಳು.

"ಹೆಸರು ತಗಳ್ಳಲ್ಲ ಅಲ್ಲೇನ್ರಿ ಅಜ್ಜಿ? ನಾನೂ ಇವ್ರ ಹೆಸರು ತಗಳ್ಳಲ್ರಿ."

"ಮತ್ತೆ ನಿನ್ ಗಂಡ ಕಳೆದಿದ್ರೆ ಎಂತ ಮಾಡ್ತಿದ್ದೆ?"

"ನಮ್ಮ ಓಣ್ಯಾಗ ಲಗ್ನ ಆದ್ರ ಮದುಮಗಳ ಕೈಲಿ ಒಡಪು ಹಾಕಿಸ್ತಾರಲ್ರಿ, ನಾ ಸಣ್ಣಾಕಿದ್ದಾಗಿಂದ ಕೇಳೀನಿ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲಂತಾರ. ನೀವೂ ಹಂಗ ಹೇಳ್ರಿ. ನನ್ ಕಿವ್ಯಾಗ ಹೇಳ್ರಿ, ಸಾಕು."

ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲೂ ಮದುವೆಯಲ್ಲಿ ಹೊಸಿಲ ಮುಂದೆ ನಿಲ್ಲಿಸಿ, ಪದ ಕಟ್ಟಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು. ಆವತ್ತು ಹೇಳಿದ್ದೇ ಕೊನೆ.

"ನಿನ್ ಗಂಡನ್ನ ಆ ಕಡೆ ತಿರುಗಿ ನಿಲ್ಲಕ್ಕೆ ಹೇಳು," ಅಂದೆ.

ಬಾಬುಸಾಬರು ತಲೆ ಚಚ್ಚಿಕೊಂಡು ಆ ಕಡೆ ತಿರುಗಿ ನಿಂತರು. ನಾನು ನೂರ್‌ಜಾನಳ ಕಿವಿಗೆ ಬಾಯಿಟ್ಟು ಹೇಳಿದೆ:

"ಹಟ್ಟಿ ಮುಂದೆ ಹರವ್ಯಾರೆ ಅಕ್ಕಿ,
ಅಕ್ಕಿ ತಿನ್ನಕೆ ಬಂದಾವೆ ಹಕ್ಕಿ,
ಹಕ್ಕಿ ಓಡ್ಸಕೆ ಬಂದೋರು ಯಾರಪ್ಪ,
ಕಂಬಳಿ ಹೊದ್ದ ಕುರಿಗಾರ ಕೆಂಚಪ್ಪ."

ಹೇಳುವಾಗ ನನಗೆ ಆ ವಯಸ್ಸಿನಲ್ಲೂ ನಾಚಿಕೆಯಾಯಿತು. ನೂರ್‌ಜಾನ್ ನಗಲಿಲ್ಲ. ಎದ್ದವಳೇ ಗಂಡನಿಗೆ, "ಕೆಂಚಪ್ಪ ಅಂತ್ರಿ, ಕೆಂಚಪ್ಪ," ಅಂದಳು.

ಆ ಹೆಸರನ್ನು ನಾನು ಎಷ್ಟು ದೂರ ಇಟ್ಟಿದ್ದೆ ಅಂದರೆ, ಹಿಂಡಿನಲ್ಲಿ ಕೆಂಚು ಬಣ್ಣದ ಕುರಿ ಹುಟ್ಟಿದರೆ ಬೆಲ್ಲದ ಬಣ್ಣದ್ದು ಅನ್ನುತ್ತಿದ್ದೆ. ಈಗ ಬಾಬುಸಾಬರು ಅದನ್ನು ಗುಡ್ಡದ ತುಂಬ ಹರಡಿದರು. "ಕೆಂಚಪ್ಪಾ... ಕೆಂಚಪ್ಪಜ್ಜಾ..." ಅಂತ ಕೂಗುತ್ತಾ ಬಲಗಡೆಯ ಬಂಡೆಗಳ ಮೇಲೆ ಹೋದರು. ನಾನು, ನೂರ್‌ಜಾನ್ ಗೋಡೆ ಹಿಡಿದುಕೊಂಡು ಎಡಗಡೆ ಹೋದೆವು. ಅವಳು ನನ್ನ ಸೊಂಟ ಹಿಡಿದಿದ್ದಳು. ಅವಳ ಬಾಟಲಿಯಲ್ಲಿ ತಳದಲ್ಲಿ ಸ್ವಲ್ಪ ನೀರಿತ್ತು. "ನೀವು ಕುಡೀರಿ," ಅಂದಳು. "ಅವ್ರು ಸಿಕ್ರೆ ಅವ್ರಿಗೆ," ಅಂದೆ. ಅವಳು ಮತ್ತೆ ಒತ್ತಾಯ ಮಾಡಲಿಲ್ಲ.

ಬಾಬುಸಾಬರ ಕೂಗು ದೂರ ದೂರ ಹೋಯಿತು. ಅದಕ್ಕೂ ಓಗೊಡುವವರಿಲ್ಲ.

"ನೀವು ಕೂಗ್ರಿ ಅಜ್ಜಿ. ನಿಮ್ಮ ದನಿ ಅವ್ರಿಗೆ ಗುರ್ತು ಐತಲ್ರಿ."

ಒಡಪಿನಲ್ಲಿ ಹೇಳಿದರೆ ದೋಷ ಇಲ್ಲವಲ್ಲ. ಒಂದು ಬಂಡೆಯ ಮೇಲೆ ಹತ್ತಿ ನಿಂತು, ಇದ್ದ ಉಸಿರೆಲ್ಲ ಕೂಡಿಸಿ ಶುರು ಮಾಡಿದೆ. "ಹಟ್ಟಿ ಮುಂದೆ ಹರವ್ಯಾರೆ ಅಕ್ಕಿ..." ಅಕ್ಕಿ ಮುಗಿದು ಹಕ್ಕಿ ಬರುವಷ್ಟರಲ್ಲೇ ಕೆಮ್ಮು ಬಂತು. ಮತ್ತೆ ಶುರು ಮಾಡಿದೆ. ಯಾರಪ್ಪ ಅನ್ನುವಾಗ ದನಿ ಬತ್ತಿತು, ಹೆಸರು ಬರುವ ಹೊತ್ತಿಗೆ ಬಾಯಲ್ಲಿ ಬರೀ ಗಾಳಿ. ಮದುವೆ ಮನೆಯ ಪದ ಅದು, ಬಂಡೆ ಮೇಲೆ ನಿಂತು ಕೂಗುವುದಲ್ಲ. ಅಕ್ಕಿ ಹಕ್ಕಿಗೆಲ್ಲ ಉಸಿರು ಖರ್ಚು ಮಾಡಿದರೆ ಅವರಿಗೆ ಏನು ಉಳಿಯುತ್ತದೆ?

ಅಮ್ಮನ ಗುಡಿಯ ಕಡೆ ತಿರುಗಿ, ಕಡಿಮೆ ಮಾಡುವುದಿದ್ದರೆ ನನ್ನದರಲ್ಲಿ ಮಾಡು ಅಂದೆ. ಆಮೇಲೆ ಕೂಗಿದೆ.

"ಕೆಂಚಪ್ಪಾ..."

ಬರಿ ಹೆಸರು. ಹಿಂದೆ ಮುಂದೆ ಏನೂ ಇಲ್ಲ. ಮೂರು ಸಲ ಕೂಗಿದೆ. ಮೂರನೆಯದು ನನ್ನ ದನಿ ಅಂತ ನನಗೇ ಅನ್ನಿಸಲಿಲ್ಲ.

ಗೋಡೆಯ ಆಚೆ, ಕೆಳಗಡೆ, ಒಣ ಎಲೆ ಸರಪರ ಅಂದಿತು. ಆಮೇಲೆ ದನಿ ಬಂತು. ಸಣ್ಣ ದನಿ.

"ಬಂದೇ... ಬಂದೆ ಕಣೇ. ಎಂತಾತೇ ನಿಂಗೆ?"

ಎರಡು ದೊಡ್ಡ ಬಂಡೆಗಳ ಸಂದಿಯಿಂದ ಮೊಣಕಾಲ ಮೇಲೆ ತೆವಳಿಕೊಂಡು ಬರುತ್ತಿದ್ದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮುಖ ಕೆಂಪಗೆ ಉರಿಯುತ್ತಿತ್ತು. ಅಷ್ಟು ಬಿಸಿಲಲ್ಲೂ ಮೈಮೇಲೆ ಒಂದು ಹನಿ ಬೆವರಿಲ್ಲ. ಮುಟ್ಟಿದರೆ ಆ ಬಂಡೆಗೂ ಅವರಿಗೂ ವ್ಯತ್ಯಾಸ ಇರಲಿಲ್ಲ. ನನ್ನನ್ನು ನೋಡಿದವರೇ, "ಬಿದ್ಯಾ? ಎಲ್ಲಿ ಬಿದ್ದೆ? ತೋರ್ಸು," ಅಂತ ನನ್ನ ಕೈಕಾಲು ಮುಟ್ಟಿ ನೋಡಿದರು. ನೋಡುತ್ತಾ ನೋಡುತ್ತಾ ನನ್ನ ಮಡಿಲಿಗೇ ಉರುಳಿದರು.

ನೂರ್‌ಜಾನ್ ಗಂಡನನ್ನು ಕೂಗಿ ಕರೆದಳು. ಹೇಗೆ ಅಂತೀರಿ? "ರೀ" ಅಂತಲೇ. ಆದರೆ ಅವಳದು ಪೇಟೆಯಲ್ಲಿ ಬೆಳೆದ ಗಂಟಲು, ಗುಡ್ಡ ಸೀಳಿತು. ಬಾಬುಸಾಬರು ಓಡಿ ಬಂದು ಇವರನ್ನು ಎತ್ತಿ ಬಂಡೆಯ ನೆರಳಿಗೆ ಹಾಕಿದರು. ಆಮೇಲೆ ಗಿಡಗಳ ಮೇಲಿದ್ದ ಕಂಬಳಿ ಎಳೆದುಕೊಂಡು ಹೊಂಡಕ್ಕೆ ಓಡಿದರು. ಕುಡಿಯಲು ಆಗದ ನೀರಾದರೂ ನೆನೆಸಲು ಆಗುತ್ತದಲ್ಲ. ಪಾಚಿ ನೀರು ಸುರಿಯುವ ಕಂಬಳಿಯನ್ನು ಹೊತ್ತು ತಂದು ಇವರ ಮೈಗೆ ಸುತ್ತಿದರು. ನೂರ್‌ಜಾನ್ ತನ್ನ ದುಪಟ್ಟಾದಲ್ಲಿ ಗಾಳಿ ಹಾಕಿದಳು. ಆ ತಳದ ನೀರನ್ನು ನಾನು ಬೆರಳಲ್ಲಿ ಅದ್ದಿ ಅದ್ದಿ ತುಟಿಗೆ ಹಚ್ಚಿದೆ. ಒಂದೇ ಸಲಕ್ಕೆ ಕುಡಿಸಬ್ಯಾಡ್ರಿ, ನೆತ್ತಿಗೇರುತ್ತದೆ ಅಂತ ಅವಳು ನನ್ನ ಕೈ ಹಿಡಿದು ಹಿಡಿದು ನಿಲ್ಲಿಸುತ್ತಿದ್ದಳು. ಕಂಬಳಿ ಬಿಸಿಯಾದ ಕೂಡಲೇ ಬಾಬುಸಾಬರು ಮತ್ತೆ ಹೊಂಡಕ್ಕೆ ಓಡುತ್ತಿದ್ದರು. ಎಷ್ಟು ಸಲ ಓಡಿದರೋ ಆ ಪುಣ್ಯಾತ್ಮ.

ಸ್ವಲ್ಪ ಹೊತ್ತಿನ ಮೇಲೆ ಇವರು ಕಣ್ಣು ಬಿಟ್ಟು, ನನ್ನ ಸೆರಗು ಎಳೆದು ಗುಟ್ಟಿನಲ್ಲಿ ಹೇಳಿದರು. "ಕುರಿ ಯಾರ್ದೋ ಹೊಲಕ್ಕೆ ಬಿದ್ದಾವೆ. ಕೂಗ್ತಾ ಇದಾರೆ. ಸುಮ್ನಿರು."

"ಸುಮ್ನೇ ಇದೀನಿ. ನೀವೂ ಸುಮ್ನಿರಿ," ಅಂದೆ.

ಬಿಸಿಲು ಸ್ವಲ್ಪ ತಗ್ಗಿದ ಮೇಲೆ ಬಾಬುಸಾಬರು ಇವರನ್ನು ಬೆನ್ನ ಮೇಲೆ ಹೊತ್ತರು. ನಾನು ಹಿಂದಿನಿಂದ ಕಾಲು ಹಿಡಿದುಕೊಂಡಿದ್ದೆ, ನೂರ್‌ಜಾನ್ ನನ್ನನ್ನು ಹಿಡಿದುಕೊಂಡಿದ್ದಳು. ನಮ್ಮ ಆ ಸಾಲು ನೋಡಿ ಗುಡಿಯ ಹತ್ತಿರದ ಮಂಗಗಳೂ ದಾರಿ ಬಿಟ್ಟವು. ಕೆಳಗೆ ಅವರ ಲಗೇಜು ಗಾಡಿ ನಿಂತಿತ್ತು. ಬಣ್ಣ ಸರಿಯಿಲ್ಲ ಅಂತ ಮದುವೆ ಮನೆಯವರು ವಾಪಸ್ ಕಳಿಸಿದ ಹೊಸ ಗಾದಿ ಒಂದು ಹಿಂದೆ ಇತ್ತು. ಪಾಚಿ ವಾಸನೆಯ ಇವರನ್ನು ಅದರ ಮೇಲೇ ಮಲಗಿಸಿದರು.

"ಗಾದಿ ಹಾಳಾಗ್ತತೆ ಕಣಪ್ಪ," ಅಂದೆ.

"ಇನ್ನೊಂದು ಹೊಲಿತೀನ್ರಿ ಅಜ್ಜಿ. ಅದು ನನ್ನ ಕೈಯಾಗೈತಿ," ಅಂದರು.

ಸೊರಬದ ಆಸ್ಪತ್ರೆಯಲ್ಲಿ ಇವರಿಗೆ ಗ್ಲೂಕೋಸ್ ಬಾಟಲಿ ಹಾಕಿದರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಕಷ್ಟ ಇತ್ತು ಅಂದರು ಡಾಕ್ಟರು. ಚೀಟಿ ಬರೆಯುವ ನರ್ಸಮ್ಮ ನನ್ನ ಕಡೆ ನೋಡಿ, "ಯಜಮಾನ್ರ ಹೆಸರೇನಮ್ಮ?" ಅಂತ ಕೇಳಿದಳು. ನಾನು ನೂರ್‌ಜಾನಳ ಮುಖ ನೋಡಿದೆ. ಅಷ್ಟು ಹೊತ್ತು ಕಣ್ಣು ಮುಚ್ಚಿ ಮಲಗಿದ್ದವರು ಹಾಸಿಗೆಯಿಂದಲೇ ಅಂದರು, "ಅವಳನ್ನೇ ಕೇಳಿ. ಈಗ ಹೇಳ್ತಾಳೆ."

ಅಲ್ಲಿಗೆ ಇವರು ಉಳಿದರು ಅಂತ ನನಗೆ ಗೊತ್ತಾಯಿತು. ಆಸ್ಪತ್ರೆಯ ಗೋಡೆಯ ಕಡೆ ಮುಖ ಮಾಡಿ ಒಂದಷ್ಟು ಹೊತ್ತು ನಿಂತೆ. ಹೆಸರು ನೂರ್‌ಜಾನಳೇ ಬರೆಸಿದಳು.

ಸಂಜೆ ಅವರಿಬ್ಬರೂ ಟೀ ತರಲು ಹೋದಾಗ ನಾನು ಕೇಳಿದೆ. "ಆತ ಅಷ್ಟು ಕೂಗಿದ್ರೆ ಓ ಅನ್ನಕ್ಕೆ ಎಂತಾಗಿತ್ತು ನಿಮಗೆ? ಕಿವಿ ಕೇಳ್ಸಲಿಲ್ವ?"

"ಕೇಳ್ತಪ್ಪ. ದಾರಿ ತಪ್ತು, ತಲೆ ಸುತ್ತು ಬಂತು, ನೆಳ್ಳು ಕಂಡಲ್ಲಿ ಕುಂತೆ. ಅಜ್ಜಾ ಅಜ್ಜಾ ಅಂತ ಯಾರೋ ಕೂಗ್ತಿದ್ರು. ಯಾರ್ದೋ ಅಜ್ಜ ಕಳ್ದಿದಾನೆ, ಪಾಪ, ಬೇಗ ಸಿಗ್ಲಿ ಅಂದ್ಕೊಂಡೆ. ನಾನೇನು ಕಳ್ದಿರಲಿಲ್ಲವಲ್ಲ, ಕುಂತಿದ್ದೆ."

"ಆಮೇಲೆ ಹೆಸರು ಹಿಡಿದು ಕೂಗಿದ್ರಲ್ಲ?"

"ಅದೂ ಕೇಳ್ತು. ಗಂಡಸರು ಹಂಗೆ ಹೆಸರು ಹಿಡಿದು ಕೂಗದು ಯಾವಾಗ? ಕುರಿ ಹೊಲಕ್ಕೆ ಬಿದ್ದಾಗ. ಸಿಕ್ರೆ ದಂಡ ಹಾಕ್ತಾರೆ ಅಂತ ಇನ್ನೂ ಒಳಗೆ ಸರ್ಕೊಂಡು ಕುಂತೆ."

ನಾನು ಹಣೆ ಚಚ್ಚಿಕೊಂಡೆ. ಬಿಸಿಲು ತಲೆಗೇರಿದವರ ಜೊತೆ ಏನು ಮಾತು?

"ನಿನ್ನ ಕೂಗು ಕೇಳ್ತು ನೋಡು," ಅಂದರು, "ಆಗ ಹೆದ್ರಿದೆ. ಇವಳು ನನ್ನ ಹೆಸರು ತಗೊಂಡಳು ಅಂದ್ರೆ ಇವಳಿಗೆ ಏನೋ ಆಗ್ಬಾರದ್ದು ಆಗೈತೆ ಅಂದ್ಕೊಂಡೆ. ಏಳಕ್ಕೆ ಆಗ್ಲಿಲ್ಲ. ಅದ್ಕೇ ತೆವಳ್ಕೊಂಡು ಬಂದೆ."

"ಮಲಗಿ ಸುಮ್ನೆ, ಸೂಜಿ ಕಿತ್ತು ಬರ್ತತೆ," ಅಂದೆ.

ಈಗ ಇವರು ಚೆನ್ನಾಗಿದ್ದಾರೆ. ಕುರಿ ಹಿಂದೆ ಹೋಗುತ್ತಾರೆ, ನೆತ್ತಿಯ ಬಿಸಿಲಿಗೆ ಮಾತ್ರ ನಾನು ಬಿಡುವುದಿಲ್ಲ. ನೂರ್‌ಜಾನ್, ಬಾಬುಸಾಬರು ವರ್ಷಕ್ಕೆ ಒಂದೆರಡು ಸಲ ಬರುತ್ತಾರೆ. ಬಂದಾಗ ಅವಳು ನನ್ನ ಕೈಲಿ ಒಡಪು ಹಾಕಿಸಲು ನೋಡುತ್ತಾಳೆ, ನಿನ್ನದು ಹಾಕು ಮೊದಲು ಅಂದರೆ ದುಪಟ್ಟಾ ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಗುಡ್ಡ ಹತ್ತುವವರಿಗೆ ನನ್ನದು ಇಷ್ಟೇ ಮಾತು. ಹೊತ್ತೇರುವ ಮುಂಚೆ ಹತ್ತಿ ಇಳಿದುಬಿಡಿ, ಮೇಲೆ ಹೊಂಡ ಇದೆ ಅಂದವರನ್ನು ನಂಬಬೇಡಿ, ಒಬ್ಬರನ್ನೊಬ್ಬರು ಬಿಟ್ಟು ಹೋಗಬೇಡಿ.

ಅತ್ತೆ ಹೇಳಿದ್ದು ಸುಳ್ಳು ಅಂತ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಇವರಿಗೆ ಸ್ವಲ್ಪ ಕೆಮ್ಮು ಬಂದರೂ ಪದವಿಲ್ಲದೆ ಮೂರು ಸಲ ಕೂಗಿದ್ದು ನೆನಪಾಗುತ್ತದೆ. ಅದಕ್ಕೇ ಮನೆಗೆ ಬಂದ ದಿನದಿಂದ ಮತ್ತೆ ರೀ ಅಂತಲೇ ಕರೆಯುತ್ತಿದ್ದೇನೆ. ಇಲ್ಲೂ ಹೆಸರು ಬರುವ ಕಡೆಯೆಲ್ಲ ನಾನು ನಿಲ್ಲಿಸಿದೆ, ಮಗಳೇ ಬರೆದುಕೊಂಡಳು.

ಇವರಿಗೆ ಅದು ಸಾಕಾಗುತ್ತಿಲ್ಲ ಅಂತ ಕಾಣುತ್ತದೆ. ಕುರಿ ದೊಡ್ಡಿಗೆ ಸೇರಿಸಿ ಕಟ್ಟೆ ಮೇಲೆ ಕೂತಿರುತ್ತಾರೆ. ಊಟಕ್ಕೆ ಬನ್ರೀ ಅಂತ ಕರೆದರೆ ಕೇಳಿಸದವರ ಹಾಗೆ ಆ ಕಡೆ ನೋಡುತ್ತಾರೆ. ಮತ್ತೊಂದು ಸಲ ಕರೆದರೂ ಅಷ್ಟೇ. ಆಸ್ಪತ್ರೆಯವರು ಕಿವಿ ನೋಡಿ ಏನೂ ತೊಂದರೆ ಇಲ್ಲ ಅಂದಿದ್ದಾರೆ. ಯಾಕೆ ಹಾಗೆ ಕೂರುತ್ತಾರೆ ಅಂತ ನನಗೆ ಗೊತ್ತು. ಕೂತುಕೊಳ್ಳಲಿ. ನಾನು ಕೂಗುವುದಿಲ್ಲ. ಕೈ ಒರೆಸಿಕೊಂಡು ಹೋಗಿ, ಹೆಗಲು ಹಿಡಿದು ಅಲ್ಲಾಡಿಸಿ ಎಬ್ಬಿಸಿಕೊಂಡು ಬರುತ್ತೇನೆ.